ಹನ್ನೆರಡು ಗಂಟೆ ಐದು ನಿಮಿಷದ ಅಲರ್ಟ್

2022ರ ಕೊನೆಯ ತಿಂಗಳುಗಳು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಅರ್ಧ ಮಹಡಿ ಹಿಡಿದಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾನು ಆಪರೇಷನ್ಸ್ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಏನು ಕೆಲಸ ಎಂದು ನೆಂಟರು ಕೇಳಿದರೆ ‘ಫ್ರಿಜ್ ಕಾಯೋದು’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಅದು ಸುಳ್ಳೇನೂ ಅಲ್ಲ. ಆಸ್ಪತ್ರೆ, ಲ್ಯಾಬು, ಔಷಧಿ ಗೋದಾಮುಗಳ ಫ್ರಿಜ್ಜು ಮತ್ತು ಕೋಲ್ಡ್ ರೂಮುಗಳಿಗೆ ಸೆನ್ಸರ್ ಕೂರಿಸಿ, ಅವುಗಳ ತಾಪಮಾನವನ್ನು ದೂರದಿಂದಲೇ ಹಗಲು ರಾತ್ರಿ ಕಾಯುವುದು ನಮ್ಮ ಕಂಪನಿಯ ವ್ಯವಹಾರ.

ಎಲ್ಲಾದರೂ ಅಳತೆ ತಪ್ಪಿದರೆ ಅಲರ್ಟ್ ಏಳುತ್ತದೆ. ಆ ಹೊತ್ತಿಗೆ ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಜವಾಬ್ದಾರಿ ಹೊತ್ತಿರುವ ಎಂಜಿನಿಯರನ್ನು ಆನ್-ಕಾಲ್ ಎನ್ನುತ್ತೇವೆ. ಅವನ ಫೋನು ಬಡಿದುಕೊಳ್ಳುತ್ತದೆ. ಅವನು ಪರದೆಯ ಮೇಲೆ ‘ಅಕ್ನಾಲೆಜ್’ ಎಂಬ ಗುಂಡಿ ಒತ್ತಬೇಕು. ಒತ್ತಿದನೆಂದರೆ ‘ನನಗೆ ಗೊತ್ತಾಯಿತು, ನಾನು ನೋಡಿಕೊಳ್ಳುತ್ತೇನೆ’ ಎಂದು ಒಪ್ಪಿಕೊಂಡಂತೆ. ಒತ್ತದಿದ್ದರೆ ಐದು ನಿಮಿಷದಲ್ಲಿ ಕರೆ ಮೇಲಿನವರಿಗೆ, ಅವರೂ ಎತ್ತದಿದ್ದರೆ ನನಗೆ. ಹೀಗೆ ಮೆಟ್ಟಿಲು ಹತ್ತುವುದಕ್ಕೆ ಎಸ್ಕಲೇಶನ್ ಎಂದು ಹೆಸರು. ಇದನ್ನೆಲ್ಲ ನಡೆಸುತ್ತಿದ್ದದ್ದು ಹೊರಗಿನ ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಸಾಫ್ಟ್‌ವೇರ್ ಟೂಲ್. ಆರು ವರ್ಷ ಬಳಸಿದ್ದೆವು. ಆ ನವೆಂಬರಿನಲ್ಲಿ ಅವರಿಂದ ಒಂದು ಈಮೇಲ್ ಬಂತು: ಮಾರ್ಚ್ ಮೊದಲ ವಾರದಿಂದ ಈ ಟೂಲ್ ಇರುವುದಿಲ್ಲ, ದಯವಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಬದಲಿ ಟೂಲ್ ಆರಿಸುವ ಕೆಲಸ ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ನನಗೆ ಕೋಷ್ಟಕಗಳ ಹುಚ್ಚು. ಎಡಗಡೆ ಬೇಕಾದ ಗುಣಗಳು, ಮೇಲುಗಡೆ ಟೂಲುಗಳ ಹೆಸರು, ನಡುವೆ ಅಂಕಗಳು ಎಂದು ಗೆರೆ ಎಳೆದುಬಿಟ್ಟರೆ ಜಗತ್ತಿನಲ್ಲಿ ಯಾವುದನ್ನು ಬೇಕಾದರೂ ಅಳೆಯಬಹುದು ಎಂಬ ಜಂಬ ಆಗ ನನಗಿತ್ತು. ಮೂವತ್ತೆಂಟು ಸಾಲಿನ ಕೋಷ್ಟಕ ಬರೆದೆ. ಗ್ರಾಹಕರಿಗೆ ಏನು ಬೇಕೆಂದು ತಿಳಿಯಲು ಕೆಲವರನ್ನು ನೇರವಾಗಿ ಹೋಗಿ ನೋಡಿದೆ.

ಹಾಗೆ ಹೋದ ಜಾಗಗಳಲ್ಲಿ ಇಂದಿರಾನಗರದ ಒಳರಸ್ತೆಯ ಒಂದು ಫರ್ಟಿಲಿಟಿ ಕ್ಲಿನಿಕ್ಕೂ ಒಂದು. ಮಕ್ಕಳಾಗದ ದಂಪತಿಗಳಿಗೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ, ತಾಯಿಯ ದೇಹ ಸಿದ್ಧವಾಗುವವರೆಗೆ ಅದನ್ನು ಹೆಪ್ಪುಗಟ್ಟಿಸಿ ಇಡುವ ಜಾಗ. ಅಲ್ಲಿನ ಲ್ಯಾಬ್ ನೋಡಿಕೊಳ್ಳುತ್ತಿದ್ದಾಕೆ ಸ್ಟೆಲ್ಲಾ, ಹಲಸೂರಿನವಳು, ಮೆತ್ತಗೆ ಮಾತಾಡುವ ಹೆಂಗಸು. ಒಳಗಿನ ಕೋಣೆಯಲ್ಲಿ ಸೊಂಟದೆತ್ತರದ ಎರಡು ಟ್ಯಾಂಕುಗಳಿದ್ದವು. ಒಂದರಲ್ಲಿ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿದ ಭ್ರೂಣಗಳು, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ಇನ್ನೊಂದು ಟ್ಯಾಂಕು ಆಪತ್ತಿಗೆಂದು ತುಂಬಿಸಿಟ್ಟದ್ದು.

“ಇದ್ರಲ್ಲಿ ಐದು ಕಪಲ್ಸ್‌ದು ಇದೆ ಮೇಡಂ,” ಎಂದಳು ಸ್ಟೆಲ್ಲಾ. “ನಾಲ್ಕು ಜನಕ್ಕೆ ಇನ್ನೂ ವಯಸ್ಸಿದೆ. ಒಬ್ರಿಗೆ ನಲವತ್ಮೂರು. ಟೀಚರ್ ಅವ್ರು. ಹನ್ನೊಂದು ವರ್ಷದಿಂದ ಟ್ರೈ ಮಾಡ್ತಿದ್ದಾರೆ. ಮೂರು ಎಂಬ್ರಿಯೋ ಉಳ್ದಿದೆ, ಅಷ್ಟೇ. ಬಿ.ಪಿ. ಹತೋಟಿಗೆ ಬಂದ್ಮೇಲೆ ಬೇಸಿಗೇಲಿ ಹಾಕೋಣ ಅಂದಿದ್ದಾರೆ ಡಾಕ್ಟ್ರು. ಇದು ಬಿಟ್ರೆ ಇನ್ನ ಆಗಲ್ಲ ಅಂತಾನೂ ಹೇಳ್ಬಿಟ್ಟಿದ್ದಾರೆ.”

ಹೆಸರು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊರಡುವಾಗ ಸ್ಟೆಲ್ಲಾ, “ಹೊಸ ಟೂಲ್ ಇದನ್ನ ಚೆನ್ನಾಗಿ ನೋಡ್ಕೊಳ್ಳುತ್ತಾ ಮೇಡಂ?” ಎಂದು ಕೇಳಿದಳು.

“ಹಳೇದಕ್ಕಿಂತ ಚೆನ್ನಾಗಿ,” ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಇಲ್ಲಿ ನಸೀರ್ ಸಾಹೇಬರ ಬಗ್ಗೆ ಹೇಳಬೇಕು. ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯವರು. ವಯಸ್ಸು ಐವತ್ತೇಳು. ಮೊದಲು ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತು ವರ್ಷ ಕೂತಿದ್ದವರು. ನಮ್ಮಲ್ಲಿ ಆಪರೇಟರ್ ಡೆಸ್ಕ್ ಎಂದು ಮೂರು ಪಾಳಿಗೆ ಮೂರು ಜನ ಇದ್ದರು, ಇವರು ಹಿರಿಯರು, ಹಗಲಿನ ಪಾಳಿ. ಕೆಲಸದ ವಿವರಣೆಯಲ್ಲಿ ಬರೆದಿದ್ದದ್ದು ‘ಅಲರ್ಟ್‌ಗಳ ದಾಖಲೆ ಇಡುವುದು’ ಎಂದು ಅಷ್ಟೆ.

ಅವರು ಮಾಡುತ್ತಿದ್ದದ್ದು ಬೇರೆ, ಅವರನ್ನು ನೋಡಿ ಉಳಿದಿಬ್ಬರೂ ಹಾಗೇ ಮಾಡುತ್ತಿದ್ದರು. ಅಲರ್ಟ್ ಬಂದು ಆನ್-ಕಾಲ್ ಹುಡುಗರು ಗುಂಡಿ ಒತ್ತಿದ ಎರಡು ಮೂರು ನಿಮಿಷದಲ್ಲಿ ಇವರು ಫೋನ್ ಮಾಡುತ್ತಿದ್ದರು. “ಹಾಂ ಬೇಟಾ, ಸ್ಕ್ರೀನ್ ತೆಗ್ದಿದ್ದೀಯಾ? ನಂಬರ್ ಓದಿ ಹೇಳು. ಈಗ ಯಾರಿಗೆ ಫೋನ್ ಮಾಡ್ತೀಯಾ? ಮಾಡು, ನಾನು ಲೈನಲ್ಲೇ ಇರ್ತೀನಿ.” ಅಳತೆ ತಾನಾಗಿಯೇ ಸರಿಹೋಗಿದ್ದರೆ ಕರೆ ಮಾಡುತ್ತಿರಲಿಲ್ಲ. ಆದ್ದರಿಂದ ನಮ್ಮ ಹುಡುಗರಿಗೆಲ್ಲ ಒಂದು ರೂಢಿ ಬಿದ್ದುಹೋಗಿತ್ತು: ಮೊದಲು ಗುಂಡಿ ಒತ್ತಿ ಬಡಿತ ನಿಲ್ಲಿಸುವುದು, ಆಮೇಲೆ ನಸೀರ್ ಸಾಹೇಬರ ಕರೆಗೆ ಕಾಯುವುದು. ಕರೆ ಬಂದರೆ ಕೆಲಸ ಇದೆ, ಬರದಿದ್ದರೆ ಎಲ್ಲ ಸರಿಯಾಗಿದೆ. ಇದು ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ. ಯಾರೂ ಇದನ್ನು ಹೇಳಿಕೊಟ್ಟಿರಲೂ ಇಲ್ಲ. ನಾನು ಅವರ ಡೆಸ್ಕಿನಿಂದ ಹದಿನೈದು ಅಡಿ ದೂರದಲ್ಲಿ ಆರು ವರ್ಷ ಕೂತಿದ್ದೆ, ಅವರ ದನಿ ನನ್ನ ಕಿವಿಗೆ ಫ್ಯಾನಿನ ಸದ್ದಿನ ಹಾಗೆ ಒಗ್ಗಿಹೋಗಿತ್ತು.

ನಾಲ್ಕು ಟೂಲುಗಳನ್ನು ಆರು ವಾರ ಪರೀಕ್ಷೆಗೆ ಹಚ್ಚಿದೆವು. ಒಂದು ಟೂಲ್ ಉಳಿದೆಲ್ಲವನ್ನೂ ಹಿಂದೆ ಹಾಕಿತು. ಅಲರ್ಟ್ ಬಂದ ಅರ್ಧ ನಿಮಿಷದೊಳಗೆ ಹುಡುಗರು ಅಕ್ನಾಲೆಜ್ ಒತ್ತುತ್ತಿದ್ದರು, ಅಷ್ಟು ಚೆನ್ನಾಗಿತ್ತು ಅದರ ಆ್ಯಪ್. ಅದರಲ್ಲಿ ಇನ್ನೊಂದು ಸೌಲಭ್ಯವಿತ್ತು. ಒಂದೇ ಯಂತ್ರದಿಂದ ಮೇಲಿಂದ ಮೇಲೆ ಅಲರ್ಟ್ ಬಂದರೆ ಎಲ್ಲವನ್ನೂ ಒಂದೇ ಕಂತೆ ಮಾಡಿ, ಒಂದೇ ಸಲ ಗಂಟೆ ಹೊಡೆಯುತ್ತಿತ್ತು. ಹಳೆಯ ಟೂಲ್ ಒಂದೊಂದಕ್ಕೂ ಬಡಿದುಕೊಂಡು ಪ್ರಾಣ ತಿನ್ನುತ್ತಿತ್ತು. ಆ ಸಾಲಿಗೆ ನಾನೇ ಹತ್ತಕ್ಕೆ ಹತ್ತು ಕೊಟ್ಟೆ. ಕೊನೆಯ ಸಾಲಿನಲ್ಲಿ ‘ಆಪರೇಟರ್ ಡೆಸ್ಕ್ ಅಗತ್ಯ: ಇಲ್ಲ’ ಎಂದು ಬರೆದಾಗ ನಮ್ಮ ಎಂ.ಡಿ. ಕುರ್ಚಿಯಿಂದ ಎದ್ದು ಕೈಕುಲುಕಿದರು.

ಜನವರಿಯ ಒಂದು ಮಧ್ಯಾಹ್ನ ನಸೀರ್ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಮೇಡಂ, ಒಂದ್ ಮಾತು ಹೇಳ್ಲಾ? ಹುಡುಗ್ರು ಮೊದ್ಲು ಒತ್ತಿಬಿಡ್ತಾರೆ. ಆಮೇಲೆ ನಾನು ಮಾಡ್ತೀನಿ ಅಂತ ಕೂತಿರ್ತಾರೆ. ನಾನು ಮಾಡಿಲ್ಲ ಅಂದ್ರೆ?”

“ಟ್ರೇನಿಂಗ್ ಕೊಡ್ತೀವಿ ಸಾಹೇಬ್ರೇ,” ಎಂದೆ.

“ಕೊಡಿ ಮೇಡಂ. ಆದ್ರೂ ಒಂದಾರು ತಿಂಗ್ಳು ನೋಡಿ...” ಎಂದು ಏನೋ ಹೇಳಲು ಹೋದವರು ನನ್ನ ಮುಖ ನೋಡಿ ತಮ್ಮ ಡೆಸ್ಕಿಗೆ ಹೋದರು. ನೌಕರಿ ಉಳಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದುಕೊಂಡೆ. ಪಾಪ ಎನ್ನಿಸಿತು, ಅಷ್ಟೆ. ಪಾಪ ಎನ್ನಿಸಿದ್ದರಿಂದಲೇ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಫೆಬ್ರವರಿ ಕೊನೆಗೆ ಮೂವರಿಗೂ ಶಾಲು ಹೊದಿಸಿ ಕಳಿಸಿದೆವು. ನಸೀರ್ ಸಾಹೇಬರು ಮನೆಯಿಂದ ಎಲ್ಲರಿಗೂ ಶೀರ್ ಕುರ್ಮಾ ಪಾಯಸ ತಂದಿದ್ದರು. ಹುಡುಗರಿಗೆ ಮುಕ್ಕಾಲು ಗಂಟೆಯ ಟ್ರೇನಿಂಗ್ ವೀಡಿಯೋ ತೋರಿಸಿ, ಕೊನೆಯಲ್ಲಿ ಹತ್ತು ಪ್ರಶ್ನೆ ಕೇಳಿ, ಎಲ್ಲರೂ ಪಾಸು ಎಂದು ಬರೆದುಕೊಂಡೆ.

ಮಾರ್ಚ್ ತಿಂಗಳು ಸುಸೂತ್ರವಾಗಿ ಕಳೆಯಿತು. ಬಂದ ದೊಡ್ಡ ಅಲರ್ಟುಗಳೆಲ್ಲ ಆಫೀಸಿನ ವೇಳೆಯಲ್ಲಿ ಬಂದವು, ಪರದೆ ಕಣ್ಣೆದುರೇ ಇರುತ್ತಿತ್ತು, ಹುಡುಗರು ಎದ್ದು ನೋಡುತ್ತಿದ್ದರು. ಮನೆಯಲ್ಲಿದ್ದವರಿಗೆ ಬಂದವು ಸಣ್ಣಪುಟ್ಟವು, ಯಾರೋ ಫ್ರಿಜ್ಜಿನ ಬಾಗಿಲು ತೆರೆದಿಟ್ಟದ್ದು, ಕರೆಂಟು ಹೋಗಿ ಬಂದದ್ದು. ತಾವಾಗಿಯೇ ಸರಿಹೋದವು. ನಾನು ಬೆನ್ನು ತಟ್ಟಿಕೊಂಡೆ.

ಆ ವರ್ಷ ಗುಡ್ ಫ್ರೈಡೇ ರಂಜಾನ್ ತಿಂಗಳಲ್ಲೇ ಬಂದಿತ್ತು. ಆಫೀಸಿಗೆ ರಜ, ಕ್ಲಿನಿಕ್ಕಿಗೂ ರಜ. ಡಾಕ್ಟರು ಊರಲ್ಲಿರಲಿಲ್ಲ, ಸ್ಟೆಲ್ಲಾ ಚರ್ಚಿನಲ್ಲಿ ಮಧ್ಯಾಹ್ನದ ಮೂರು ಗಂಟೆಗಳ ಪ್ರಾರ್ಥನೆಗೆ ಕೂತಿದ್ದಳು, ಫೋನು ಮನೆಯಲ್ಲಿತ್ತು. ನಮ್ಮ ಕಡೆ ಆನ್-ಕಾಲ್ ಇದ್ದವನು ಮುನಿರಾಜು. ಕೆ.ಆರ್. ಪುರಂ ಹಳೇ ಊರಿನ ಹುಡುಗ, ಹೊಲ ಮಾಡುತ್ತಿದ್ದ ಮನೆತನ, ಈಗ ಆ ಹೊಲದ ಮೇಲೆ ಅವರದೇ ಬಾಡಿಗೆ ಮನೆಗಳಿವೆ. ಕೆಲಸದಲ್ಲಿ ಚುರುಕು, ಬೈದರೂ ನಗುವವನು. ಅವತ್ತು ಅವರ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ. ಡ್ಯೂಟಿ ಬದಲಾಯಿಸಿಕೊಳ್ಳುತ್ತೀಯಾ ಎಂದು ನಾನು ಕೇಳಿದ್ದಕ್ಕೆ, “ಬೇಡ ಮೇಡಂ, ಫೋನ್ ಜೇಬಲ್ಲೇ ಇರುತ್ತೆ” ಎಂದಿದ್ದ. ಅವನ ಮಾತಿನಂತೆ ಫೋನು ಜೇಬಲ್ಲೇ ಇತ್ತು.

ಭ್ರೂಣಗಳಿದ್ದ ಟ್ಯಾಂಕಿನ ಗೋಡೆಯೊಳಗಿನ ನಿರ್ವಾತದ ಪದರ ಎಲ್ಲೋ ಒಡೆದಿತ್ತು. ಒಡೆದರೆ ನೈಟ್ರೋಜನ್ ಕುದಿದು ಆವಿಯಾಗಲು ಶುರುವಾಗುತ್ತದೆ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮಟ್ಟ ಇಳಿದಿದೆ ಎಂದು ಮೊದಲ ಅಲರ್ಟ್ ಬಂತು. ಆಗ ಒಬ್ಬರು ಎದ್ದಿದ್ದರೆ ಸಾಕಿತ್ತು. ಕೆಳಗಿನ ವಾಚ್‌ಮನ್ ಹತ್ತಿರ ಬೀಗದ ಕೈ ಇತ್ತು. ಹಲಸೂರಿನ ಚರ್ಚಿಗೆ ಯಾರನ್ನಾದರೂ ಅಟ್ಟಿದ್ದರೆ ಸ್ಟೆಲ್ಲಾ ಅರ್ಧ ಗಂಟೆಯಲ್ಲಿ ಬರುತ್ತಿದ್ದಳು. ತುಂಬಿದ ಇನ್ನೊಂದು ಟ್ಯಾಂಕು ಎರಡು ಅಡಿ ಪಕ್ಕದಲ್ಲೇ ಇತ್ತು.

ನಾನು ಕಲ್ಯಾಣ ನಗರದ ನನ್ನ ಮನೆಯಲ್ಲಿ ಊಟ ಮಾಡಿ ಪೇಪರ್ ಓದುತ್ತಾ ಕೂತಿದ್ದೆ. ನನ್ನ ಫೋನು ಮೇಜಿನ ಮೇಲಿತ್ತು, ಒಂದು ಸಲವೂ ಸದ್ದು ಮಾಡಲಿಲ್ಲ.

ನಾಲ್ಕೂಕಾಲಿಗೆ ಸ್ಟೆಲ್ಲಾ ಫೋನ್ ಮಾಡಿದಳು. ಚರ್ಚಿನಿಂದ ಮನೆಗೆ ಹೋಗುವಾಗ ಯಾಕೋ ಒಂದು ಸಲ ನೋಡಿ ಹೋಗೋಣ ಎಂದು ಕ್ಲಿನಿಕ್ಕಿಗೆ ಹೋಗಿ, ಅಲ್ಲಿನ ಲ್ಯಾಂಡ್‌ಲೈನಿನಿಂದ ಮಾಡಿದ್ದಳು. “ಮೇಡಂ, ಟ್ಯಾಂಕ್ ಹೊರಗಡೆ ಎಲ್ಲಾ ಮಂಜು ಕಟ್ಬಿಟ್ಟಿದೆ. ನಿಮ್ಗೆ ಏನೂ ಬರ್ಲಿಲ್ವಾ?” ಸ್ಕೂಟರ್ ಹತ್ತಿದೆ. ರಜೆಯ ರಸ್ತೆ ಖಾಲಿಯಿತ್ತು, ಅರ್ಧ ಗಂಟೆಯಲ್ಲಿ ಮುಟ್ಟಿದೆ. ಬಿಳಿ ಸೀರೆಯುಟ್ಟಿದ್ದ ಸ್ಟೆಲ್ಲಾ ಲ್ಯಾಬಿನ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಎಲ್ಲವನ್ನೂ ಪಕ್ಕದ ಟ್ಯಾಂಕಿಗೆ ಸಾಗಿಸಿದ್ದಳು. ಆದರೆ ಅವಳು ಬಂದಾಗ ಮಾಪಕ ತೋರಿಸಿದ್ದು ಮೈನಸ್ ಅರವತ್ತೊಂದು.

“ಲೇಟಾಯ್ತು ಮೇಡಂ,” ಎಂದಳು. “ಸುಮ್ನೆ ಎತ್ತಿಟ್ಟಿದ್ದೀನಿ, ಅಷ್ಟೇ.”

ಎರಡು ದಿನದ ನಂತರ ಡಾಕ್ಟರು ಪರೀಕ್ಷಿಸಿ, ಯಾವುದೂ ಉಳಿದಿಲ್ಲ ಎಂದು ಬರೆದುಕೊಟ್ಟರು.

ಲ್ಯಾಬಿನಲ್ಲೇ ನಿಂತು ಫೋನಿನಲ್ಲಿ ನಮ್ಮ ಟೂಲ್ ತೆರೆದು ನೋಡಿದೆ. ದಾಖಲೆ ಅಚ್ಚುಕಟ್ಟಾಗಿತ್ತು. ‘12:05 ಅಲರ್ಟ್. 12:05 ಅಕ್ನಾಲೆಜ್: ಮುನಿರಾಜು. ಪ್ರತಿಕ್ರಿಯೆ ಸಮಯ: 22 ಸೆಕೆಂಡ್.’ ಪಕ್ಕದಲ್ಲಿ ಹಸಿರು ಗುರುತು. ಅದರ ಕೆಳಗೆ ಇನ್ನೂ ಹದಿನೇಳು ಅಲರ್ಟುಗಳು, ಮಟ್ಟ ಇಳಿಯಿತು, ತಾಪ ಏರಿತು, ಇನ್ನೂ ಏರಿತು ಎಂದು, ಎಲ್ಲವೂ ಮೊದಲನೆಯದರ ಕಂತೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿದ್ದವು. ಮೊದಲನೆಯದನ್ನು ಅವನು ಒಪ್ಪಿಕೊಂಡಾಗಿದ್ದರಿಂದ ಕರೆ ನನ್ನ ತನಕ ಹತ್ತಲೂ ಇಲ್ಲ. ಅಯ್ಯೋ, ಆ ಸೌಲಭ್ಯಕ್ಕೆ ಹತ್ತಕ್ಕೆ ಹತ್ತು ಕೊಟ್ಟವಳು ನಾನೇ ಅಲ್ಲವೇ.

ಮುನಿರಾಜುಗೆ ಫೋನ್ ಮಾಡಿದೆ. ಹಿಂದೆ ಓಲಗದ ಸದ್ದು ಕೇಳುತ್ತಿತ್ತು. ವಿಷಯ ಕೇಳಿ ಅವನು ಆ ಸದ್ದಿನಿಂದ ದೂರ ಬಂದ.

“ಒತ್ತಿದೆ ಮೇಡಂ. ಊಟ ಬಡಿಸ್ತಿದ್ದೆ. ಒತ್ತಿ ಜೇಬಿಗೆ ಹಾಕ್ಕೊಂಡೆ. ನಸೀರ್ ಸಾರ್ ಫೋನ್ ಬರುತ್ತಲ್ಲ, ಆವಾಗ ನೋಡೋಣ ಅಂತ... ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಸರಿಹೋಗಿರುತ್ತೆ ಅಂದ್ಕೊಂಡೆ.” ಆಮೇಲೆ ಅವನಿಗೇ ಹೊಳೆಯಿತು. “ಅವ್ರು ಇಲ್ವಲ್ಲಾ ಮೇಡಂ. ಅವ್ರು ಇಲ್ಲ ಅನ್ನೋದೇ ಮರ್ತ್ಹೋಯ್ತು.”

ಅವನ ಮೇಲೆ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸ್ಟೆಲ್ಲಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಸೋಮವಾರ ಎಂ.ಡಿ. ಒಂದು ವರದಿ ಸಿದ್ಧ ಮಾಡಿಸಿದ್ದರು. ಮೂಲ ಕಾರಣ: ಮಾನವ ಲೋಪ. ಆನ್-ಕಾಲ್ ಎಂಜಿನಿಯರ್ ಅಲರ್ಟ್ ಒಪ್ಪಿಕೊಂಡು ಕ್ರಮ ಕೈಗೊಳ್ಳಲಿಲ್ಲ. ಟೂಲ್ ನಿರೀಕ್ಷೆಯಂತೆ ಕೆಲಸ ಮಾಡಿದೆ. ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ನಾನು ಸಹಿ ಹಾಕಿದೆ. ಹೌದು, ಹಾಕಿದೆ. ಮಂಗಳವಾರ ಬೆಳಿಗ್ಗೆ ಮುನಿರಾಜು ಲ್ಯಾಪ್‌ಟಾಪು, ಐಡಿ ಕಾರ್ಡು ನನ್ನ ಮೇಜಿನ ಮೇಲಿಟ್ಟು, ರಾಜೀನಾಮೆ ಕೊಟ್ಟು ಹೋದ. ನಾನು ತಡೆಯಲಿಲ್ಲ.

ಆ ಸಂಜೆ ನಸೀರ್ ಸಾಹೇಬರ ಫೋನ್ ಬಂತು. ರೋಜಾ ಉಪವಾಸ ಬಿಡುವ ಹೊತ್ತು, ಹಿಂದೆ ತಟ್ಟೆ ಲೋಟದ ಸದ್ದು. ಈಗ ಬೈಯುತ್ತಾರೆ, ನಾನು ಅವತ್ತೇ ಹೇಳಿರಲಿಲ್ವಾ ಎನ್ನುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಮೇಡಂ, ಮುನಿರಾಜು ನಮ್ಮನೆಗೆ ಬಂದಿದ್ದ. ತುಂಬಾ ಅತ್ತ. ಊಟ ಮಾಡ್ಸಿ ಕಳ್ಸಿದ್ದೀನಿ. ಆ ಹುಡುಗನ ಮೇಲೆ ಹಾಕ್ಬೇಡಿ. ಕಾಯೋ ಅಭ್ಯಾಸ ಮಾಡ್ಸಿದ್ದು ನಾನು.”

ನನಗೆ ನಾಚಿಕೆಯಾಯಿತು. ಕೆಲಸ ಕಳೆದುಕೊಂಡ ಮನುಷ್ಯ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾನೆ, ಆ ಕೆಲಸವನ್ನು ತೆಗೆದುಹಾಕಿದವಳು ಸಹಿ ಹಾಕಿ ಕೈ ತೊಳೆದುಕೊಂಡು ಕೂತಿದ್ದಾಳೆ. ಮರುದಿನ ಕೂತು ಎರಡನೇ ವರದಿ ಬರೆದೆ. ಡೆಸ್ಕ್ ಏನು ಮಾಡುತ್ತಿತ್ತು, ಅದನ್ನು ತೆಗೆದದ್ದು ಯಾರು, ಯಾರು ಎಚ್ಚರಿಸಿದ್ದರು, ಎಚ್ಚರಿಕೆ ಕೇಳದಿದ್ದವರು ಯಾರು, ಎಲ್ಲವನ್ನೂ ಬರೆದೆ. “ಇದನ್ನ ಕೊಟ್ರೆ ನಮ್ಮ ಕಥೆ ಮುಗೀತು,” ಎಂದರು ಎಂ.ಡಿ. “ನನ್ನ ಹೆಸರಲ್ಲಿ ಹೋಗ್ಲಿ ಸಾರ್,” ಎಂದೆ. ನನ್ನ ಸಹಿಯಲ್ಲೇ ಕ್ಲಿನಿಕ್ಕಿಗೆ ಕಳಿಸಿದೆ. ಮುನಿರಾಜುವನ್ನು ವಾಪಸ್ ಕರೆದೆ, ಅವನು ಬರಲಿಲ್ಲ. “ಫೋನ್ ಸದ್ದಾದ್ರೆ ಈಗ ಎತ್ತೋಕೇ ಆಗಲ್ಲ ಮೇಡಂ,” ಎಂದ.

ಎರಡು ವಾರ ಕಳೆದಿತ್ತು. ರಿಸೆಪ್ಷನ್ನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂದು ಕರೆ ಬಂತು. ಹೋಗಿ ನೋಡಿದರೆ ಹತ್ತಿಯ ಸೀರೆ, ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಒಬ್ಬ ಹೆಂಗಸು. ಕೈಯಲ್ಲಿ ನನ್ನ ಎರಡನೇ ವರದಿ. ಕ್ಲಿನಿಕ್ಕಿನವರು ಕೊಟ್ಟಿದ್ದರಂತೆ. ಆಕೆ ತನ್ನ ಹೆಸರು ಹೇಳುವ ಮೊದಲೇ ಯಾರೆಂದು ಗೊತ್ತಾಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೀಟಿಂಗ್ ರೂಮಿಗೆ ಕರೆದುಕೊಂಡು ಹೋದೆ. ಆಕೆ ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರ್. ಉತ್ತರ ಪತ್ರಿಕೆ ತಿದ್ದುವವರ ಹಾಗೆ ವರದಿಯ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

“ಹನ್ನೆರಡು ಐದಕ್ಕೆ ನಿಮಗೆ ಗೊತ್ತಾಗಿದೆ ಅಂತ ಇದೆ,” ಎಂದರು. “ಯಾರಿಗೆ ಗೊತ್ತಾಯ್ತು?”

“ಮಷೀನಿಗೆ.”

“ಮನುಷ್ಯರಿಗೆ?”

“ನಾಲ್ಕೂಕಾಲಿಗೆ.”

ತಲೆಯಾಡಿಸಿದರು. ಮತ್ತೊಂದು ಪುಟ ತಿರುವಿದರು. “ಈ ನಸೀರ್ ಅನ್ನೋರು. ನೀವು ಏನ್ ಕೆಲಸ ಮಾಡ್ತೀರಿ ಅಂತ ಅವ್ರನ್ನ ಕೇಳಿದ್ರಾ, ಕಳ್ಸೋಕೆ ಮುಂಚೆ?”

“ಇಲ್ಲ.”

ಮೂವತ್ತು ವರ್ಷ ಈ ವೃತ್ತಿಯಲ್ಲಿದ್ದೆ. ಯಾವ ಟೂಲ್ ಆರಿಸಬೇಕು ಎಂದು ಇವತ್ತಿಗೂ ಕಿರಿಯರು ನನ್ನನ್ನು ಕೇಳುತ್ತಾರೆ. ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಹಳೆಯದು ನಿಮ್ಮಲ್ಲಿ ನಿಜವಾಗಿ ಹೇಗೆ ನಡೆಯುತ್ತಿದೆ, ಅದರ ಪಕ್ಕದಲ್ಲಿ ಯಾರು ಕೂತಿದ್ದಾರೆ, ಅವರು ದಿನವಿಡೀ ಏನು ಮಾಡುತ್ತಾರೆ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ನಂಬಿ ಎನ್ನುತ್ತೇನೆ. ನಾನು ಒಂದು ಟೂಲಿನ ಬದಲಿಗೆ ಇನ್ನೊಂದು ತಂದೆ ಎಂದುಕೊಂಡಿದ್ದೆ. ಒಬ್ಬ ಮನುಷ್ಯನ ಬದಲಿಗೆ ತಂದಿದ್ದೆ. ಇದನ್ನು ನನಗೆ ಕಲಿಸಿದ್ದು ಕಂಪನಿಯಲ್ಲ, ಪೆನ್ಸಿಲು ಹಿಡಿದು ನನ್ನೆದುರು ಕೂತಿದ್ದ ಆ ಟೀಚರ್.

ಕ್ಷಮೆ ಕೇಳಿದೆ. ಏನೇನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಕೇಳಿದಷ್ಟೂ ನನ್ನ ಕಿವಿಗೇ ಅದು ಸಣ್ಣದಾಗಿ ಕೇಳಿಸುತ್ತಿತ್ತು. ಆಕೆ ಬೈಯಲಿಲ್ಲ, ಪರಿಹಾರ ಕೇಳಲಿಲ್ಲ, ಅಳಲೂ ಇಲ್ಲ. ವರದಿ ಮಡಿಸಿ ಚೀಲದೊಳಗಿಟ್ಟರು. ಲಿಫ್ಟಿನ ತನಕ ಜೊತೆಗೆ ಹೋದೆ. ಅದು ಮೇಲೆ ಬರುವುದು ತಡವಾಯಿತು.

“ಬೇಸಿಗೆ ರಜ ನೋಡ್ಕೊಂಡೇ ಡಾಕ್ಟ್ರ ಹತ್ರ ಡೇಟ್ ತಗೊಂಡಿದ್ದೆ,” ಎಂದರು ಆಕೆ, ಮುಚ್ಚಿದ ಬಾಗಿಲನ್ನೇ ನೋಡುತ್ತಾ. “ಪೂರ್ತಿ ರೆಸ್ಟ್ ಮಾಡ್ಬೇಕು ಅಂದಿದ್ರು. ಮಂಚ ಕಿಟಕಿ ಹತ್ರ ಹಾಕಿಸ್ಕೊಂಡಿದ್ದೆ. ಅಡುಗೆಗೆ ಒಬ್ರನ್ನ ಗೊತ್ತು ಮಾಡಿದ್ದೆ.” ಲಿಫ್ಟಿನ ಬಾಗಿಲು ತೆರೆಯಿತು. ಆಕೆ ಒಳಗೆ ಹೋಗಿ ನನ್ನ ಕಡೆ ತಿರುಗಿದರು. “ಈಗ ರಜ ಶುರುವಾಗಿದೆ ಮೇಡಂ. ಇನ್ನೂ ಒಂದು ತಿಂಗಳಿದೆ. ಏನ್ ಮಾಡ್ಲಿ ಹೇಳಿ?”